ಬ್ರೇಕಿಗೆ ಹೋದ ಚೀಟಿ ರೊಕ್ಕ

ಅಕ್ಕಾರ, ಹೋದ ತಿಂಗಳ ಮುಂಡರಗಿಯಿಂದ ತೌರುಮನಿ ಜೋಳದ ಚೀಲ ಹೇರ್ಕೊಂಡು ಬರೂವಾಗ ನಮ್ಮ ಹೈಬ್ರಿಡ್ ಕಾರಿನ್ಯಾಗ ಎಬಿಎಸ್ ದೀಪ ಹತ್ತಿತು. ಡಂಬಳ ದಾಟಿದ ಮ್ಯಾಲ ಬ್ರೇಕ್ ತುಳಿದ್ರ ಕಾಲಿಗೆ ಬ್ಯಾರೆನ ಅನಸ್ತಿತ್ತಂತ. ನಮ್ಮನಿಯವ್ರು ಒಂದ್ ಮಾತಾಡ್ಲಿಲ್ಲ, ಸಾವಕಾಶ ಗದಗ ಮುಟ್ಟಿಸಿದ್ರು.

ಟೋ ಮಾಡಿಸಿ ಹುಬ್ಬಳ್ಳಿಗೆ ಕಳಿಸಿದ್ವಿ. 1,18,000 ರೂಪಾಯಿ ಅಂದ್ರು! ಬ್ರೇಕ್ ಅಂದ್ರ ಪ್ಯಾಡ್ ಅಷ್ಟ ಅಂತ ತಿಳಿದಿದ್ದೆ ನಾ. ಪ್ಯಾಡ್ ಇನ್ನೂ ಚಲೋ ಅದಾವಂತ. ಇಂಥಾ ಗಾಡ್ಯಾಗ ವೇಗ ಇಳಿಸೂವಾಗ ಮೋಟರ್ ತಾನ ಜನರೇಟರ್ ಆಗಿ ಬ್ಯಾಟರಿ ತುಂಬತೈತಿ, ಅದಕ್ಕ ಪ್ಯಾಡ್ ಲಗೂ ಸವೆಯೂದಿಲ್ಲ. ಕೆಟ್ಟಿದ್ದು ಬ್ರೇಕ್ ಎಣ್ಣಿಗೆ ಒತ್ತಡ ಕೊಡೂ ಕರೆಂಟಿನ ಪಂಪು. ಅದರ ಡಬ್ಬಿ ಪೂರಾ ಬದಲಿಸಬೇಕು. ಆಕ್ಚುಯೇಟರ್ ಅಂತಾರ, ನನ್ನ ಬಾಯಾಗ ಇನ್ನೂ ನೆಟ್ಟಗ ಬರವಲ್ದು.

ಗಾಡಿ 11 ವರ್ಷದ್ದು. ಮಾರಿದ್ರ ನಾಕು ಲಕ್ಷ ಬಂದ್ರ ಪುಣ್ಯ. "ವೈನಿ, ಏನೂ ಹೇಳದ ಮಾರಿಬಿಡ್ರಿ, ತೊಗೊಂಡಾಂವ ನೋಡ್ಕೋತಾನ" ಅಂದ ಮೈದುನ. ನನಗೂ ಒಂದು ಗಳಿಗಿ ಹೌದನಸ್ತು, ಸುಳ್ಳು ಯಾಕ ಹೇಳ್ಲಿ. ಚೀಟಿ ರೊಕ್ಕ ಮಗಳ ಪಾಟ್ಲಿಗಂತ ಇಟ್ಟಿದ್ದೆ. ಆದ್ರ ತೊಗೊಂಡಾಂವನ ಹಿಂದಿನ ಸೀಟಿನ್ಯಾಗೂ ಹುಡುಗ್ರು ಕುಂದರ್ತಾವಲ್ಲ? ಖರೆ ಹೇಳಿ ಮಾರಿದ್ರ ರಿಪೇರಿಗಿಂತ ಹೆಚ್ಚ ಮುರಕೋತಾರ. ಮ್ಯಾಲ ಅತ್ತಿಯವ್ರನ್ನ ತಿಂಗಳಿಗೊಮ್ಮೆ ಹುಬ್ಬಳ್ಳಿ ದವಾಖಾನಿಗೆ ಒಯ್ಯಬೇಕು. ಬಸ್ಸಿನ ಮೆಟ್ಲ ಹತ್ತೂದು ಅವ್ರ ಕೈಲಿ ಆಗೂದಿಲ್ಲ.

ಹೊಸಾ ಸಾಮಾನಿಗೆ ವಾರಂಟಿ ಬರಸ್ಕೊಂಡು ಚೀಟಿ ರೊಕ್ಕ ತಗದೆ. "ಪಾಟ್ಲಿ ಮುಂದ ನೋಡೂಣಂತ, ಬಿಡವ್ವಾ" ಅಂದ್ಲು ಮಗಳು. ಅಂದ್ಲು ಖರೆ, ನನ್ನ ಮಾರಿ ನೋಡ್ಲಿಲ್ಲ.