ಸುಂಗೈ ಲೆಂಬಿಂಗ್: ಅಂದು ತವರ, ಇಂದು ಕಾಮನಬಿಲ್ಲು

ಮಲೇಷ್ಯಾದ ಪೂರ್ವ ಕರಾವಳಿಯ ಕ್ವಾಂತಾನ್‌ನಿಂದ ಒಳನಾಡಿಗೆ ನಲವತ್ತು ಕಿಲೋಮೀಟರ್ ಚಿಲ್ಲರೆ ಹೋದರೆ ಸುಂಗೈ ಲೆಂಬಿಂಗ್ ಸಿಗುತ್ತದೆ. ದಾರಿಯಲ್ಲಿ ತಾಳೆ ತೋಟಗಳು, ಪಂಚಿಂಗ್ ಹತ್ತಿರ ಚಾರಾ ಗುಹೆಯಿರುವ ಸುಣ್ಣಕಲ್ಲಿನ ಗುಡ್ಡ, ಆಮೇಲೆ ಕಾಡು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೆಬೆಂಗ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಾಗ ಆ ಊರಿಗೆ ಹೋಗಿದ್ದಕ್ಕೆ ಕಾರಣ ಒಂದೇ. ಅದು ಗಣಿ ಮುಚ್ಚಿದ ಊರು, ನಾನು ಕೆ.ಜಿ.ಎಫ್‌ನವನು. ನಮ್ಮ ಚಿನ್ನದ ಗಣಿ ಆಗಿನ್ನೂ ನಡೆಯುತ್ತಿತ್ತು. ಮುಚ್ಚುತ್ತಾರಂತೆ, ಇಲ್ಲವಂತೆ ಎಂಬ ಮಾತಿಲ್ಲದೆ ಮನೆಯಿಂದ ಕಾಗದವೇ ಬರುತ್ತಿರಲಿಲ್ಲ. ಮುಚ್ಚಿದ ಮೇಲೆ ಊರು ಹೇಗಿರುತ್ತದೆ ಎಂದು ನೋಡಬೇಕಿತ್ತು.

ನೋಡಿದೆ. ಮರದ ಉಪ್ಪರಿಗೆಯ ಅಂಗಡಿ ಸಾಲು, ಅರ್ಧಕ್ಕರ್ಧ ಬಾಗಿಲು ಹಾಕಿತ್ತು. ಊರ ನಡುವಿನ ಮೈದಾನದಲ್ಲಿ ಹುಲ್ಲು ಮೊಣಕಾಲೆತ್ತರ. ತುಕ್ಕು ತಿಂದ ತಗಡಿನ ಶೆಡ್ಡುಗಳ ಮೇಲೆ ಬಳ್ಳಿ ಹಬ್ಬಿತ್ತು. ಕಾಫಿ ಅಂಗಡಿಯಲ್ಲಿ ಕೂತಿದ್ದವರೆಲ್ಲ ವಯಸ್ಸಾದವರು. ಮಕ್ಕಳು ಎಲ್ಲಿ ಎಂದು ಕೇಳಿದರೆ ಕ್ವಾಂತಾನ್, ಕ್ವಾಲಾಲಂಪುರ, ಸಿಂಗಪುರ ಎನ್ನುತ್ತಿದ್ದರು. ಬೆಟ್ಟ ಹತ್ತಿ, ಜಲಪಾತ ನೋಡಿ ಎಂದು ಯಾರೂ ನನಗೆ ಹೇಳಲಿಲ್ಲ. ಗಣಿ ಎಲ್ಲಿತ್ತು ಎಂದಾಗ ಮಾತ್ರ ಎದ್ದು ಬಂದು ಕೈ ತೋರಿಸಿದರು.

ಆ ಗಣಿ ಸಾಮಾನ್ಯದ್ದಲ್ಲ. ಮಲೇಷ್ಯಾದ ತವರವೆಲ್ಲ ಬಹುಮಟ್ಟಿಗೆ ನದಿ ಬಯಲಿನ ಮರಳು, ಜಲ್ಲಿಯಲ್ಲಿ ಸಿಗುವಂಥದ್ದು. ನೀರಿನ ರಭಸದಿಂದ ಮಣ್ಣು ಕೊಚ್ಚಿ, ಇಲ್ಲವೇ ಡ್ರೆಜ್ಜರ್‌ನಿಂದ ಬಾಚಿ ತೆಗೆಯುತ್ತಿದ್ದರು. ಲೆಂಬಿಂಗ್‌ನಲ್ಲಿ ಹಾಗಲ್ಲ, ಅದಿರು ಬಂಡೆಯೊಳಗಿನ ಸೀಳುಗಳಲ್ಲಿತ್ತು. ಶಾಫ್ಟ್ ಇಳಿಸಿ, ಡ್ರಿಲ್ ಹೊಡೆದು, ಸಿಡಿಮದ್ದು ಇಟ್ಟು ಅದರ ಹಿಂದೆ ಹೋಗಬೇಕು, ಥೇಟ್ ನಮ್ಮೂರಿನ ಹಾಗೆ. ಪಹಾಂಗ್ ಕನ್ಸಾಲಿಡೇಟೆಡ್ ಎಂಬ ಬ್ರಿಟಿಷ್ ಕಂಪನಿ 1906ರಿಂದ 1986ರವರೆಗೆ ಇದನ್ನು ನಡೆಸಿತು. ನೆಲದಡಿಯ ಸುರಂಗಗಳ ಒಟ್ಟು ಉದ್ದ 322 ಕಿಲೋಮೀಟರ್, ಆಳ 600 ಮೀಟರಿಗೂ ಮಿಕ್ಕಿದ್ದು. ಮೂರು ಕಿಲೋಮೀಟರ್ ದಾಟಿದ್ದ ಕೆ.ಜಿ.ಎಫ್ ಮುಂದೆ ಈ ಆಳ ಕಡಿಮೆಯೇ. ಆದರೂ ತವರದ ಗಣಿಗಳಲ್ಲಿ ಇದು ಜಗತ್ತಿನ ದೊಡ್ಡವುಗಳ ಸಾಲಿನದು. ಕರೆಂಟು, ಆಸ್ಪತ್ರೆ, ಕ್ಲಬ್ಬು, ಸಿನಿಮಾ ಎಲ್ಲವೂ ಗಣಿಯ ಬೆನ್ನಿಗೇ ಬಂದವು, ದುಡಿದವರಲ್ಲಿ ಹೆಚ್ಚಿನವರು ಚೀನೀಯರು.

ಮುಚ್ಚಿದ್ದು ಬೆಲೆ ಬಿದ್ದದ್ದರಿಂದ. ತವರದ ದರ ಕುಸಿಯದಂತೆ ನೋಡಿಕೊಳ್ಳಲು ಉತ್ಪಾದಕ ಮತ್ತು ಬಳಕೆದಾರ ದೇಶಗಳು ಸೇರಿ 1956ರಲ್ಲಿ ಅಂತರರಾಷ್ಟ್ರೀಯ ತವರ ಮಂಡಳಿ ಮಾಡಿಕೊಂಡಿದ್ದವು. ದರ ಇಳಿದಾಗ ಮಂಡಳಿಯೇ ಕೊಂಡು ದಾಸ್ತಾನು ಮಾಡುವುದು ಕ್ರಮ. ಎಂಬತ್ತರ ದಶಕದಲ್ಲಿ ಒಂದು ಕಡೆ ಮಂಡಳಿಗೆ ಸೇರದ ಬ್ರೆಜಿಲ್‌ನ ಅಗ್ಗದ ತವರ ಬಂತು, ಇನ್ನೊಂದು ಕಡೆ ತವರ ಲೇಪಿಸಿದ ಡಬ್ಬಿಗಳ ಜಾಗಕ್ಕೆ ಅಲ್ಯೂಮಿನಿಯಂ ಬಂತು. ಕೊಳ್ಳುತ್ತ ಕೊಳ್ಳುತ್ತ 1985ರ ಅಕ್ಟೋಬರ್‌ನಲ್ಲಿ ಮಂಡಳಿಯ ಹಣವೇ ಮುಗಿಯಿತು. ಲಂಡನ್ ಲೋಹ ಪೇಟೆ ತವರದ ವ್ಯಾಪಾರ ನಿಲ್ಲಿಸಿತು. ಕೆಲವೇ ತಿಂಗಳಲ್ಲಿ ದರ ಅರ್ಧಕ್ಕೆ ಬಂತು. ಆ ದರಕ್ಕೆ ಅಷ್ಟು ಆಳದಿಂದ ನೀರೆತ್ತಿ, ಗಾಳಿ ಊದಿ, ಕಲ್ಲು ಒಡೆದು ತೆಗೆಯುವುದು ಗಿಟ್ಟುವ ಮಾತಲ್ಲ. ಲೆಂಬಿಂಗ್‌ನ ಜನ ಕಂಡೇ ಇರದ ಕಚೇರಿಗಳ ಲೆಕ್ಕ ತಪ್ಪಿದ್ದಕ್ಕೆ ಲೆಂಬಿಂಗ್ ಖಾಲಿಯಾಯಿತು. ಈ ಮಾತನ್ನು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ. 2001ರ ಫೆಬ್ರವರಿ 28ರಂದು ನಮ್ಮ ಗಣಿಗೂ ಬೀಗ ಬಿತ್ತು.

ಈಚೆಗೆ ಮತ್ತೆ ಹೋದಾಗ ಶನಿವಾರ. ಹೋಂಸ್ಟೇಗಳೆಲ್ಲ ಭರ್ತಿ. ನಸುಕಿನ ಐದಕ್ಕೆಲ್ಲ ಟಾರ್ಚ್ ಹಿಡಿದ ಜನ ಪನೋರಮಾ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದರು. ಅರ್ಧ ಗಂಟೆಗೂ ತುಸು ಹೆಚ್ಚಿನ ಹತ್ತುವಿಕೆ. ಕೊನೆಯ ಮೆಟ್ಟಿಲುಗಳು ಕಡಿದು. ಮೇಲೆ ನಿಂತರೆ ಕಣಿವೆ ತುಂಬ ಮಂಜು, ಅದರೊಳಗಿಂದ ಗುಡ್ಡಗಳ ತಲೆ. ನೋಡಲೇಬೇಕಾದ ನೋಟ, ಅದರಲ್ಲಿ ಎರಡು ಮಾತಿಲ್ಲ.

ಮಳೆಬಿಲ್ಲು ಜಲಪಾತಕ್ಕೆ ಹೋಗಲು ಫೋರ್‌ವೀಲ್ ಜೀಪೇ ಬೇಕು. ಹಳ್ಳಗಳನ್ನು ದಾಟುತ್ತ ಕೆಸರು ದಾರಿಯಲ್ಲಿ ಕುಲುಕಾಡಿ, ಆಮೇಲೆ ಕಾಡಿನಲ್ಲಿ ನಡೆದು ಹೋಗಬೇಕು. ಬೇಗ ಹೊರಡಿಸುವುದಕ್ಕೆ ಕಾರಣವಿದೆ. ನೀರು ಬೀಳುವ ಬಂಡೆಯ ಮುಖ ಬೆಳಗಿನ ಬಿಸಿಲಿಗಿದೆ. ಬಿಲ್ಲು ಕಾಣಬೇಕಾದರೆ ಸೂರ್ಯ ನಮ್ಮ ಬೆನ್ನಿಗಿರಬೇಕು. ನಮ್ಮ ತಲೆಯ ನೆರಳು ಬೀಳುವ ದಿಕ್ಕಿಗೆ 42 ಡಿಗ್ರಿ ಕೋನದಲ್ಲಿ ಬಿಲ್ಲು ಮೂಡುತ್ತದೆ. ಸಮಭಾಜಕದ ಹತ್ತಿರದ ಊರು. ಸೂರ್ಯ ನೆಟ್ಟಗೆ ಮೇಲೇರಿಬಿಡುತ್ತಾನೆ. ಅವನು ಏರಿದಂತೆ ಬಿಲ್ಲು ಕೆಳಕ್ಕೆ ಸರಿಯುತ್ತ ಬಂಡೆಗಳ ಮೇಲಿನ ತುಂತುರಿಗೆ ಇಳಿದು ಕರಗುತ್ತದೆ. ಮೋಡ ಬಂದರೆ ಅದೂ ಇಲ್ಲ. ನಮಗೆ ಬಿಸಿಲಿತ್ತು. ಒಂದು ಪುಟ್ಟ ಹುಡುಗಿ ನೀರಿಗಿಳಿದು ಬಣ್ಣಕ್ಕೆ ಕೈ ಹಾಕುತ್ತಲೇ ಇದ್ದಳು.

ಬಂದವರಲ್ಲಿ ಬಹಳ ಮಂದಿ ಬೆಟ್ಟ, ಜಲಪಾತ, ಒಂದು ತಟ್ಟೆ ನೂಡಲ್ಸ್ ಮುಗಿಸಿ ಹೊರಟುಬಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಗಣಿ ಮ್ಯಾನೇಜರನ ಹಳೆಯ ಬಂಗಲೆ ಈಗ ಮ್ಯೂಸಿಯಂ. ಸುರಂಗದ ಒಂದು ಭಾಗವನ್ನೂ ತೆರೆದಿದ್ದಾರೆ. ತವರ ಎಂದರೆ ಚಿಕ್ಕಂದಿನಲ್ಲಿ ನಾನು ಕಂಡದ್ದು ಕಲಾಯಿ ಹಾಕುವವನ ಕೈಯಲ್ಲಿ. ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಉದುರಿಸಿ, ತವರದ ತುಂಡು ಸೋಕಿಸಿ, ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಗೆ. ಅದರ ಅದಿರು ಮಾತ್ರ ಕಪ್ಪು. ಕ್ಯಾಸಿಟರೈಟ್‌ನ ಒಂದು ತುಂಡು ಅಂಗೈಯಲ್ಲಿಟ್ಟರೆ ಕೈ ತಾನಾಗಿ ಕೆಳಗಿಳಿಯುತ್ತದೆ. ಅದೇ ಗಾತ್ರದ ಬೆಣಚುಕಲ್ಲಿಗಿಂತ ಎರಡೂವರೆ ಪಟ್ಟು ಭಾರ. ಆ ಭಾರವನ್ನೇ ನಂಬಿ, ಪುಡಿ ಮಾಡಿದ ಕಲ್ಲನ್ನು ನೀರಿನಲ್ಲಿ ಜಾಲಾಡಿಸಿ ತವರ ಬೇರ್ಪಡಿಸುತ್ತಿದ್ದರು.

ಕಾಫಿ ಅಂಗಡಿಯಲ್ಲಿ ಈ ಸಲವೂ ಒಬ್ಬ ಹಿರಿಯರು ಸಿಕ್ಕರು, ಡ್ರಿಲ್ ಹಿಡಿದು ದುಡಿದವರು. "ಅಂಕಲ್, ನೀವು ಬೆಟ್ಟ ಹತ್ತುತ್ತಿದ್ದಿರಾ?" ಎಂದೆ, ಅಲ್ಲಿ ಎಲ್ಲರೂ ಕರೆಯುವ ಹಾಗೆ. "ರಾತ್ರಿ ಶಿಫ್ಟ್ ಮುಗಿಸಿ ಮೇಲೆ ಬಂದವನಿಗೆ ಅದು ಮಲಗುವ ಹೊತ್ತು," ಎಂದರು. ನಮ್ಮೂರಿನವರು ಈಗ ಏನು ಮಾಡುತ್ತಾರೆ ಎಂದು ಕೇಳಿದರು. ಬೆಳಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ವಾಪಸು ಬರುತ್ತಾರೆ ಎಂದೆ. ಅವರ ಮಗ ಜೀಪು ಓಡಿಸುತ್ತಾನಂತೆ, ಜಲಪಾತಕ್ಕೆ. ಶನಿವಾರ, ಭಾನುವಾರ ಮಾತ್ರ. ನವೆಂಬರ್‌ನಿಂದ ಮಳೆ ಹಿಡಿದು ಹಳ್ಳ ಉಕ್ಕಿದರೆ ಅದೂ ನಿಲ್ಲುತ್ತದೆ. ಉಳಿದ ದಿನ ಅವನಿಗೆ ಕ್ವಾಂತಾನ್‌ನ ಗ್ಯಾರೇಜೊಂದರಲ್ಲಿ ಕೆಲಸ.