ಕೇಳುವುದಕ್ಕೊಂದು ಪರವಾನಗಿ

ನಮ್ಮ ಮನೆಯಲ್ಲಿ ಒಂದು ಪುಟ್ಟ ಯಂತ್ರವಿದೆ. ಅಂಗೈಯಲ್ಲಿ ಹಿಡಿಸುತ್ತದೆ, ತಲೆಯ ಮೇಲೆ ಒಂದು ರಬ್ಬರಿನ ಜುಟ್ಟು, ಹೊಟ್ಟೆಯ ಮೇಲೆ ಹತ್ತಿಪ್ಪತ್ತು ಗುಂಡಿ. ಅಂಗಡಿಯವರು ಅದನ್ನು ಹ್ಯಾಂಡ್‌ಸೆಟ್ ಎನ್ನುತ್ತಾರೆ. ಬಲ್ಲವರು ಸ್ಕ್ಯಾನರ್ ಎಂದೂ ಕರೆಯುವುದುಂಟು. ಅದು ತಾನಾಗಿಯೇ ಅಲೆಯಿಂದ ಅಲೆಗೆ ಹಾರುತ್ತ ಹೋಗಿ, ಎಲ್ಲಿ ಮಾತಿದೆಯೋ ಅಲ್ಲಿ ನಿಂತು ಕೇಳಿಸುತ್ತದೆ. ನನ್ನ ಹೆಂಡತಿ ಮಾತ್ರ ಅದಕ್ಕೆ ‘ಗೊರಗೊರ’ ಎಂದು ಹೆಸರಿಟ್ಟಿದ್ದಾಳೆ. ಪಾರಿಭಾಷಿಕ ಶಬ್ದಗಳನ್ನು ಕುರಿತು ಎಷ್ಟೋ ವರ್ಷ ತರಗತಿಯಲ್ಲಿ ಭಾಷಣ ಮಾಡುತ್ತ ಬಂದ ಕನ್ನಡದ ಅಧ್ಯಾಪಕ ನಾನು. ಇಷ್ಟು ಸರಿಹೊಂದುವ ಶಬ್ದ ಒಂದನ್ನೂ ಈವರೆಗೆ ಕಟ್ಟಿಲ್ಲವೆಂದು ಒಪ್ಪಿಕೊಳ್ಳಬೇಕು.

ಹಳಗನ್ನಡ ಹೇಳಿಕೊಂಡು ತಣ್ಣಗಿರಬೇಕಾದವನಿಗೆ ಈ ಹುಚ್ಚು ಹಿಡಿಸಿದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಗೆಳೆಯರು. “ಸರ್, ನೀವು ಕನ್ನಡದವರು ಬರೀ ಮಾತಾಡೋ ಮಂದಿ. ಒಂದಿಷ್ಟು ಕೇಳೂದನ್ನೂ ಕಲೀರಿ” ಎಂದು ಎಲ್ಲರೆದುರಿಗೆ ಅಂದುಬಿಟ್ಟರು. ಮಾತು ನಾಟಿತು. ಆದರೆ ಕೇಳುವುದೆಂದರೆ ಅಂಗಡಿಗೆ ಹೋಗಿ ಯಂತ್ರ ಕೊಂಡು ತಂದಷ್ಟು ಸುಲಭವಲ್ಲವೆಂದು ಆಮೇಲೆ ತಿಳಿಯಿತು. 1885ರ ತಂತಿ ಕಾಯ್ದೆ, 1933ರ ನಿಸ್ತಂತು ಕಾಯ್ದೆಗಳ ಕಾಲದಿಂದಲೂ ಇಂಥ ಯಂತ್ರಕ್ಕೆ ಸರಕಾರದ ಪರವಾನಗಿ ಬೇಕು. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಿತಾದರೂ ಮನಬಂದಂತೆ ಕೇಳುವ ಸ್ವಾತಂತ್ರ್ಯವೇನೂ ಬಂದಿಲ್ಲ. ನನ್ನಂಥವರಿಗೆ ಇರುವ ರಾಜಮಾರ್ಗವೆಂದರೆ ಹವ್ಯಾಸಿ ರೇಡಿಯೋ ಪರೀಕ್ಷೆ. ಜನ ‘ಹ್ಯಾಮ್’ ಎನ್ನುತ್ತಾರಲ್ಲ, ಅದು. ಹನ್ನೆರಡು ವರ್ಷ ತುಂಬಿದ ಯಾರೂ ಅದಕ್ಕೆ ಕೂಡಬಹುದು. ನಲವತ್ತು ದಾಟಿದ ನಾನು ಮೀಸೆ ಮೂಡದ ಹುಡುಗನೊಬ್ಬನ ಪಕ್ಕದಲ್ಲಿ ಕುಳಿತು ಓಮನ ನಿಯಮ ಬರೆದೆ. ಅವನು ನನಗಿಂತ ಮೊದಲೇ ಮುಗಿಸಿ, ನನ್ನನ್ನು ಕನಿಕರದಿಂದ ನೋಡಿ ಎದ್ದುಹೋದ.

ಪರೀಕ್ಷೆಗೆ ಓದುವಾಗ ಒಂದು ನಿಯಮ ನನ್ನನ್ನು ತಡೆದು ನಿಲ್ಲಿಸಿತು. ನಿನಗಾಗಿ ಅಲ್ಲದ ಸಂದೇಶ ಅಕಸ್ಮಾತ್ತಾಗಿ ನಿನ್ನ ಕಿವಿಗೆ ಬಿದ್ದರೆ ಅದರಲ್ಲಿ ಏನಿತ್ತೆಂಬುದನ್ನು ಯಾರಿಗೂ ತಿಳಿಸಕೂಡದು ಎಂಬುದು ಅದರ ಸಾರ. ನನಗೆ ಕೂಡಲೇ ಬೃಹತ್ಕಥೆಯ ಪುಷ್ಪದಂತ ನೆನಪಾದ. ಶಿವನು ಪಾರ್ವತಿಗೆ ಏಕಾಂತದಲ್ಲಿ ಹೇಳಿದ ಕಥೆಯನ್ನು ಅವನು ಕದ್ದು ಕೇಳಿದ. ಕೇಳಿ ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದನೋ ಏನೋ, ಹೆಂಡತಿಗೆ ಹೇಳಿದ. ಅವಳ ಬಾಯಿಂದ ಅದು ಮರಳಿ ಪಾರ್ವತಿಯ ಕಿವಿಗೇ ಬಿತ್ತು, ಶಾಪ ಬಂತು. ಅವನ ಪರವಾಗಿ ಬಾಯಿ ಹಾಕಿದ ಮಾಲ್ಯವಂತನಿಗೂ ಶಾಪ! ಪರೀಕ್ಷೆಯಲ್ಲಿ ಈ ಉದಾಹರಣೆ ಬರೆಯುವ ಆಸೆಯನ್ನು ಕಷ್ಟದಿಂದ ತಡೆದುಕೊಂಡೆ.

ಈ ನಿಯಮವನ್ನು ಓದಿ ಹೇಳಿದಾಗ ನಕ್ಕವರು ನಮ್ಮ ಅಪ್ಪ. ಅವರು ಹಳೆಯ ಕೊಲ್ಹಾರದಲ್ಲಿ ಟಪಾಲು ಹಂಚಿದವರು. “ಇದಕ್ಕೂ ಪರೀಕ್ಷಾ ಇಟ್ಟಾರೇನು?” ಎಂದು ಕೇಳಿ, ಟ್ರಂಕಿನಿಂದ ಒಂದು ಮಾಸಿದ ಕಿರುಹೊತ್ತಗೆ ತೆಗೆದು ನನ್ನ ಕೈಗಿಟ್ಟರು. ನಮ್ಮ ಮನೆಯ ಹಳೆಯ ರೇಡಿಯೋದ ಲೈಸೆನ್ಸು. ಹೌದು, ಆಕಾಶವಾಣಿಯನ್ನು ಕೇಳುವುದಕ್ಕೂ ಒಂದು ಕಾಲಕ್ಕೆ ಪರವಾನಗಿ ಬೇಕಾಗಿತ್ತು. ಟಪಾಲು ಕಚೇರಿಯಲ್ಲಿ ವರ್ಷಾವರ್ಷ ಹಣ ಕಟ್ಟಬೇಕಾಗಿತ್ತು. 1980ರ ದಶಕದ ನಡುವಿನಲ್ಲಿ ಆ ಪದ್ಧತಿ ಹೋಯಿತು. 1950ರ ಜನವರಿಯಲ್ಲಿ ಶುರುವಾದ ಧಾರವಾಡ ನಿಲಯವನ್ನು ಅಪ್ಪ ಆ ಪೆಟ್ಟಿಗೆಯಲ್ಲಿ ಎಷ್ಟೋ ಸಂಜೆ ಕೇಳಿದ್ದಾರೆ. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಊರು ಕೃಷ್ಣೆಯ ಪಾಲಾದಾಗ ಕಂಬ, ತೊಲೆ, ಬಾಗಿಲುಗಳ ಜೊತೆಗೆ ಆ ಟ್ರಂಕೂ ಹೊಸ ಕೊಲ್ಹಾರಕ್ಕೆ ಬಂತು. ರೇಡಿಯೋ ಉಳಿಯಲಿಲ್ಲ, ಕೇಳುವ ಪರವಾನಗಿ ಉಳಿದಿದೆ.

ಇರಲಿ, ಯಂತ್ರದ ವಿಷಯಕ್ಕೆ ಬರುತ್ತೇನೆ. ಅದನ್ನು ಹದಕ್ಕೆ ತರುವುದು ಹೊಸ ಎತ್ತನ್ನು ನೊಗಕ್ಕೆ ಹೂಡಿದಂತೆ. ಮೊದಲು, ಎಲ್ಲಿಂದ ಎಲ್ಲಿಯ ತನಕ ಹುಡುಕಬೇಕೆಂದು ಎಲ್ಲೆ ಗೊತ್ತುಮಾಡಬೇಕು. ನಮ್ಮ ದೇಶದ ಹವ್ಯಾಸಿಗಳಿಗೆ 144ರಿಂದ 146 ಮೆಗಾಹರ್ಟ್ಸ್‌ವರೆಗೆ ಒಂದು ಪಟ್ಟಿ ಬಿಟ್ಟುಕೊಟ್ಟಿದ್ದಾರೆ. ಆಮೇಲೆ ಹೆಜ್ಜೆಯ ಅಳತೆ. 25 ಕಿಲೋಹರ್ಟ್ಸ್‌ನ ಹೆಜ್ಜೆಯಾದರೆ ಈ ಪಟ್ಟಿಯನ್ನು 80 ಹೆಜ್ಜೆಯಲ್ಲಿ ದಾಟಬಹುದು. 5ರದಾದರೆ 400 ಹೆಜ್ಜೆ. ಬೇಗ ನಡೆದರೆ ನಡುವೆ ಕುಳಿತವನು ತಪ್ಪಿಹೋಗುತ್ತಾನೆ. ನಿಧಾನವಾಗಿ ನಡೆದರೆ ನಾವು ತಲುಪುವಷ್ಟರಲ್ಲಿ ಅವನ ಮಾತು ಮುಗಿದಿರುತ್ತದೆ. ಬೇಕಾದ ತಾಣಗಳನ್ನು ಯಂತ್ರದ ನೆನಪಿನಲ್ಲಿ ಇಡಬೇಕು. ಬೇಡವಾದವನ್ನು ಬಿಟ್ಟು ಮುಂದೆ ಹೋಗೆಂದು ತಿಳಿಸಬೇಕು. ನಮ್ಮ ಪಕ್ಕದ ಮನೆಯ ಇನ್ವರ್ಟರು ಒಂದು ತಾಣದಲ್ಲಿ ಹಗಲಿರುಳು ಗುಂಯ್‌ಗುಡುತ್ತದೆ. ಯಂತ್ರ ಪ್ರತಿ ಸುತ್ತಿಗೂ ಭಕ್ತಿಯಿಂದ ಅಲ್ಲಿ ನಿಂತುಬಿಡುತ್ತಿತ್ತು. ಈಗ ಆ ತಾಣಕ್ಕೆ ಬಹಿಷ್ಕಾರ ಹಾಕಿದ್ದೇನೆ.

ಇವೆಲ್ಲ ಒಂದು ವಾರದಲ್ಲಿ ಕೈಗೆ ಬಂದವು. ಬಾರದೆ ಉಳಿದದ್ದು ಸ್ಕ್ವೆಲ್ಚ್ ಎಂಬುದೊಂದು. ಮಾತಿಲ್ಲದಾಗ ಕೇಳುವ ಗೊರಗೊರ ಸದ್ದನ್ನು ತಡೆಹಿಡಿದು, ಮಾತು ಬಂದಾಗ ಮಾತ್ರ ಬಾಗಿಲು ತೆರೆಯುವ ಏರ್ಪಾಡು ಅದು. ಬಿಗಿ ಕಡಿಮೆಯಾದರೆ ಯಂತ್ರ ಬರೀ ಗದ್ದಲದ ಎದುರಿಗೇ ನಿಂತು ಮುಂದೆ ಸಾಗುವುದಿಲ್ಲ. ಹೆಚ್ಚಾದರೆ ಮನೆಯಲ್ಲಿ ಸುಖಶಾಂತಿ. ಆದರೆ ದೂರದಿಂದ ಬಂದ ಬಡಕಲು ದನಿಯೂ ಗದ್ದಲದ ಲೆಕ್ಕಕ್ಕೇ ಸೇರಿ ಹೊರಗುಳಿಯುತ್ತದೆ. ಇದಕ್ಕೊಂದು ಕನ್ನಡ ಮಾತು ಬೇಕೆಂದು ‘ರವನಿರೋಧಕ’ ಎಂದೊಮ್ಮೆ, ‘ಸದ್ದುತಡೆ’ ಎಂದೊಮ್ಮೆ ಕಟ್ಟಿ ಅಪ್ಪನ ಮುಂದಿಟ್ಟೆ. ಅವರು ಗುಂಡಿಯನ್ನು ಎರಡು ಸಲ ಆಡಿಸಿ ನೋಡಿದರು. “ತೂಬು ಅನ್ನು, ಮುಗೀತು” ಎಂದರು. ಅಣೆಕಟ್ಟಿಗೆ ಊರು ಕೊಟ್ಟವರಿಗೆ ತೂಬಿನ ಬೆಲೆ ಬೇರೆಯವರು ಹೇಳಬೇಕಾಗಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದು ತೂಬೇ.

ಕಾಲೇಜಿನಲ್ಲಿಯೂ ಈ ತೂಬು ನನ್ನ ಬೆನ್ನು ಬಿಡಲಿಲ್ಲ. ತರಗತಿ ನಿಶ್ಶಬ್ದವಾಗಿರುವುದೇ ಪಾಠ ಒಳ್ಳೆಯದಾಗಿ ನಡೆದುದರ ಗುರುತೆಂದು ನಂಬಿದ್ದವನು ನಾನು. ಹಿಂದಿನ ಬೆಂಚಿನಿಂದ ಯಾರಾದರೂ ಅಳುಕುತ್ತ ಏನನ್ನಾದರೂ ಕೇಳಲು ಹೊರಟರೆ “ಗದ್ದಲ ಬೇಡ” ಎಂದು ಎಷ್ಟು ಸಲ ಗದರಿಸಿದ್ದೇನೆಯೋ! ಈಗ ತೂಬನ್ನು ಕೊಂಚ ಸಡಿಲಿಸಿದ್ದೇನೆ. ಗದ್ದಲ ಹೆಚ್ಚಾಗಿದೆ, ನಿಜ. ಪ್ರಶ್ನೆಗಳೂ ಬರುತ್ತವೆ.

ಯಂತ್ರದ ರಬ್ಬರಿನ ಜುಟ್ಟು ನಮ್ಮೂರಿಗೆ ಸಾಲದಾಯಿತು. ಈ ಅಲೆಗಳು ಬೆಳಕಿನಂತೆ ಹೆಚ್ಚುಕಡಿಮೆ ನೇರ ಹೋಗುವಂಥವು. ಎತ್ತರ ಬೇಕು, ಎದುರಿಗೆ ಬಯಲು ಬೇಕು. ಈ ಪಟ್ಟಿಯ ಅಲೆಯ ಉದ್ದ ಸುಮಾರು 2 ಮೀಟರು. ಅದರ ಕಾಲುಪಾಲು, ಎಂದರೆ ಅರ್ಧ ಮೀಟರಿನಷ್ಟು ಅಲ್ಯುಮಿನಿಯಂ ಕಡ್ಡಿ ಸಾಕು. ಅಪ್ಪ ಗೇಣು ಹಾಕಿ ನೋಡಿ, ಎರಡು ಗೇಣಿಗೆ ಎರಡು ಬೆರಳು ಜಾಸ್ತಿ ಎಂದು ತೀರ್ಮಾನ ಕೊಟ್ಟರು. ಅದನ್ನು ಮಾಳಿಗೆಯ ಮೇಲೆ ನಿಲ್ಲಿಸಿದೆವು. 437 ಮೆಗಾಹರ್ಟ್ಸ್‌ನ ಅಲೆ ಇದರ ಮೂರನೆಯ ಒಂದರಷ್ಟು ಉದ್ದದ್ದಾದ್ದರಿಂದ ಅದಕ್ಕೂ ಇದೇ ಕಡ್ಡಿ ಒಗ್ಗುತ್ತದೆ.

ಅದರ ಉಪಯೋಗ ಒಂದು ಸಂಜೆ ಕಂಡಿತು. ನೆಲದಿಂದ ಸುಮಾರು 400 ಕಿಲೋಮೀಟರು ಮೇಲೆ, ತೊಂಬತ್ತು ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಹವ್ಯಾಸಿಗಳ ಮಾತನ್ನು ಹಿಡಿದು ಮರಳಿ ಕೆಳಗೆ ಕಳಿಸುವ ಯಂತ್ರವೊಂದನ್ನು 2020ರ ಸೆಪ್ಟೆಂಬರಿನಲ್ಲಿ ಆರಂಭಿಸಿದರು. ಅದು ಕೆಳಗೆ ಮಾತು ಬಿಡುವುದು 437.800ರಲ್ಲಿ. ನಿಲ್ದಾಣ ನಮ್ಮತ್ತ ಬರುವಾಗ ದನಿ ಕೊಂಚ ಮೇಲಕ್ಕೂ, ದಾಟಿ ಹೋಗುವಾಗ ಕೊಂಚ ಕೆಳಕ್ಕೂ ಸರಿಯುತ್ತದೆ. ಹತ್ತಿರ ಬಂದು ದೂರಾಗುವ ರೈಲಿನ ಸಿಳ್ಳಿನ ಹಾಗೆ. ಆದ್ದರಿಂದ 437.810ರಿಂದ 437.790ರವರೆಗೆ ಐದು ತಾಣಗಳನ್ನು ಮೊದಲೇ ನೆನಪಿಗೆ ಹಾಕಿಟ್ಟಿದ್ದೆ. ಕತ್ತಲಾಗುತ್ತಿತ್ತು, ಹಿನ್ನೀರು ಬೆಳ್ಳಗೆ ಕಾಣುತ್ತಿತ್ತು. ತೂಬನ್ನು ಪೂರ್ತಿ ತೆರೆದೆ. ಗೊರಗೊರದ ನಡುವೆ ಯಾರೋ ತಮ್ಮ ಕರೆಹೆಸರನ್ನು ಎರಡು ಸಲ ಹೇಳಿದರು. ಮತ್ತಾರೋ ಅವರಿಗೆ ಶುಭಸಂಜೆ ಹೇಳಿದರು. ಹತ್ತು ನಿಮಿಷದೊಳಗೆ ಎಲ್ಲ ಮುಗಿಯಿತು.

“ಏನಂದರು?” ಎಂದು ಅಪ್ಪ ಕೇಳಿದರು.

“ನಮಸ್ಕಾರ ಅಂದರು.”

“ಅಷ್ಟು ಹೇಳಾಕ ಅಷ್ಟು ಮ್ಯಾಲ ಹೋಗಬೇಕೇನು?” ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, “ಆದ್ರೂ ಛಲೋ ಆತು. ತಾರಿನೊಳಗ ನಮಸ್ಕಾರ ಯಾರೂ ಕಳಸತಿರಲಿಲ್ಲ” ಎಂದರು.

ಆ ರಾತ್ರಿ ಅವರು ತಾರಿನ ಮಾತು ತೆಗೆದರು. ಟಪಾಲು ಕಚೇರಿಗೆ ಟೆಲಿಫೋನಿನಲ್ಲಿ ಬಂದ ಸಂದೇಶವನ್ನು ಕಾಗದಕ್ಕಿಳಿಸಿ ಇವರ ಕೈಗೆ ಕೊಡುತ್ತಿದ್ದರಂತೆ. ಹೆಚ್ಚಿನ ಪಾಲು ಸಾವಿನವೇ. ಹಾದಿಯುದ್ದಕ್ಕೂ ಜನ ಇವರ ಮುಖ ನೋಡಿ “ಯಾರದರಿ ತಾರು?” ಎಂದು ಬೆನ್ನು ಹತ್ತುತ್ತಿದ್ದರು. ಇವರು ಯಾರಿಗೂ ಬಾಯಿ ಬಿಟ್ಟವರಲ್ಲ. ಆ ಮನೆಯ ಹೊಸ್ತಿಲಿಗೆ ಹೋಗಿ ಮೊದಲು ಕೇಳುತ್ತಿದ್ದುದು “ಊಟ ಆತೇನ್ರಿ?” ಎಂದು. ಆಗಿಲ್ಲವೆಂದರೆ ನೀರು ಕೇಳಿ ಕುಡಿದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಅವರು ಉಂಡು ಕೈ ತೊಳೆದ ಮೇಲೆ ತಾರು ಕೊಡುತ್ತಿದ್ದರು. “ಕಾಯದೇಶೀರ ತಪ್ಪು, ತಮ್ಮಾ. ಬಂದಕೂಡಲೇ ಕೊಡಬೇಕು. ಆದರ ಮುಂದ ಎರಡು ದಿನ ಆ ಮನ್ಯಾಗ ಒಲಿ ಹೊತ್ತೂದಿಲ್ಲ ಅನ್ನೂದು ನನಗ ಗೊತ್ತಿರತಿತ್ತು.” ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಆ ಸುದ್ದಿ ಕೇಳಿದ ದಿನವೂ ಅಪ್ಪ ಹೆಚ್ಚೇನೂ ಮಾತಾಡಿರಲಿಲ್ಲ.

ಇದಾದ ಕೆಲವು ದಿನಕ್ಕೆ ನನ್ನ ಹೆಂಡತಿಯ ತಮ್ಮ ಬಂದ. ಕೃಷ್ಣೆಯ ಆಚೆ ದಂಡೆಯ ಹುಡುಗ. ಉಸುಕು ಸಾಗಿಸುವ ಎರಡು ಟಿಪ್ಪರಿವೆ. ಉಸುಕಿನ ವ್ಯವಹಾರದಲ್ಲಿ ಎಷ್ಟು ಕಾಗದದ ಮೇಲೆ, ಎಷ್ಟು ಕತ್ತಲಲ್ಲಿ ಎಂಬುದನ್ನು ನಾನು ಕೇಳಿದವನಲ್ಲ. ಅಪ್ಪನ ಆಪರೇಷನ್ ಆದಾಗ ಮೂರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು ಅವನು. ಒಂದು ಚೀಟಿಯನ್ನೂ ಬರೆಸಿಕೊಳ್ಳದೆ ಹಣ ಕಟ್ಟಿದವನೂ ಅವನೇ.

“ಮಾಮಾ, ನಿಮ್ಮ ಗೊರಗೊರ ಪೊಲೀಸರ ಮಾತೂ ಹಿಡೀತದಂತಲ್ಲ? ರಾತ್ರಿ ಎಲ್ಲಿ ನಿಂತಾರ ಅನ್ನೂದು ತಿಳಿದರ ಒಂದು ಫೋನ್ ಮಾಡ್ರಿ. ಅಷ್ಟು ಸಾಕು.”

ಆಗುವುದಿಲ್ಲವೆಂದೆ. ಕಾಯ್ದೆ ಹೇಳಿದೆ. ಅವನು ನಕ್ಕ. “ಗಾಳಿಯೊಳಗ ಬಂದದ್ದು ಯಾರ ಮನಿ ಆಸ್ತಿ?”

ಮೂಲೆಯಲ್ಲಿದ್ದ ಅಪ್ಪ ಅಂದರು: “ಗಾಳಿ ಯಾರದೂ ಅಲ್ಲಪಾ. ಮಾತು ಮಾತ್ರ ಆಡಿದವರದು, ಇಲ್ಲಾ ಯಾರಿಗೆ ಆಡಿದರೋ ಅವರದು.”

ಅವನು ಚಹಾ ಕುಡಿಯದೆ ಎದ್ದುಹೋದ. ಹೆಂಡತಿ ಎರಡು ದಿನ ಬೇಕಾದಷ್ಟೇ ಮಾತಾಡಿದಳು.

ಓದುಗರು ನನ್ನನ್ನು ಸತ್ಯಹರಿಶ್ಚಂದ್ರನೆಂದು ತಿಳಿಯಬಾರದು. ಯಂತ್ರ ಹೊಸದಾಗಿದ್ದಾಗ ಒಂದು ರಾತ್ರಿ ಎಲ್ಲೆ ಮೀರಿ ಹುಡುಕಲು ಬಿಟ್ಟಿದ್ದೆ. ನನಗಲ್ಲದ ಒಂದು ದನಿಯ ಮೇಲೆ ಅದು ನಿಂತಿತು. ಕೂಡಲೇ ತಿರುಗಿಸಬೇಕಾಗಿತ್ತು, ತಿರುಗಿಸಿದೆ, ಆದರೆ ಕೂಡಲೇ ಅಲ್ಲ. ನಾಲ್ಕಾರು ಮಾತು ಕೇಳಿದ ಮೇಲೆ. ಕಳ್ಳಗಿಂಡಿಯಲ್ಲಿ ಕಣ್ಣಿಟ್ಟವನಿಗೆ ಆಗುವ ಸಂತೋಷವೇ ನನಗೂ ಆಯಿತೆಂದು ನಾಚಿಕೆಯಿಂದ ಹೇಳಬೇಕು. ಮರುದಿನ ಆ ತಾಣಕ್ಕೂ ಇನ್ವರ್ಟರಿನ ಗತಿ ಕಾಣಿಸಿದೆ. ಅಂದು ಕೇಳಿದ್ದನ್ನು ಇಲ್ಲಿಯೂ ಬರೆಯುವುದಿಲ್ಲ. ಭಾಮೈದನಿಗೆ ಇಲ್ಲವೆಂದಾಗ ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನ್ನ ಕಿವಿಯ ಮೇಲೆ ನನಗೇ ನಂಬಿಕೆಯಿಲ್ಲದ್ದರಿಂದ.

ಎಳ್ಳಮಾವಾಸ್ಯೆ ಬಂತು. ಉಳಿದಿರುವ ತುಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಎಲ್ಲರೂ ಕೂಡಿ ಉಣ್ಣುವುದು ನಮ್ಮಲ್ಲಿ ಪದ್ಧತಿ. ಪ್ರತಿವರ್ಷ ತಪ್ಪದೆ ಬರುತ್ತಿದ್ದ ಅವನು ಈ ಸಲ ಬರಲಿಲ್ಲ. ಹೆಂಡತಿ ಬಡಿಸುತ್ತಿದ್ದವಳು ಮೂರು ಸಲ ರಸ್ತೆಯ ಕಡೆ ನೋಡಿದಳು. ಯಾರೂ ಆ ಮಾತು ಎತ್ತಲಿಲ್ಲ. ತೂಬು ಬಿಗಿ ಮಾಡಿದ ಯಂತ್ರದ ಹಾಗೆ ಎಲ್ಲರೂ ಸುಮ್ಮನೆ ಉಂಡೆವು. ಮಾತಿಲ್ಲವೆಂದಲ್ಲ, ಒಳಗೆ ಬಿಟ್ಟುಕೊಂಡಿರಲಿಲ್ಲ, ಅಷ್ಟೆ.

ಉಂಡೆದ್ದ ಮೇಲೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಜೊತೆಗೆ ನಮ್ಮೂರ ಮೊಸರಿನ ಒಂದು ಗಡಿಗೆಯನ್ನು ಕಟ್ಟಿಸಿಕೊಂಡು ಮೋಟಾರ್‌ಸೈಕಲ್ ಹತ್ತಿದೆ. ಉದ್ದನೆಯ ಸೇತುವೆ, ಎರಡೂ ಕಡೆ ನೀರು, ಆ ನೀರಿನೊಳಗೇ ಎಲ್ಲೋ ಅಪ್ಪ ತಾರು ಹಿಡಿದು ನಡೆದಾಡಿದ ಓಣಿಗಳಿವೆ. ಹಾದಿಯಲ್ಲಿ ಅವನಿಗೆ ಏನು ಹೇಳಬೇಕೆಂದು ಹಲವು ವಾಕ್ಯಗಳನ್ನು ಕಟ್ಟಿದೆ. ವ್ಯಾಕರಣದ ದೃಷ್ಟಿಯಿಂದ ಎಲ್ಲವೂ ಶುದ್ಧವಾಗಿದ್ದುವು.

ಅವನು ಬಾಗಿಲಲ್ಲೇ ನಿಂತಿದ್ದ. ಕಟ್ಟಿದ ವಾಕ್ಯಗಳು ಒಂದೂ ಬಾಯಿಗೆ ಬರಲಿಲ್ಲ.

“ಊಟ ಆತೇನಪಾ?” ಎಂದೆ.

ಅವನು ಗಡಿಗೆಯ ಕಡೆ ನೋಡಿದ. “ಇಲ್ಲ ಮಾಮಾ” ಎಂದು ಒಳಗೆ ಹೋಗಿ ಎರಡು ತಾಟು ತಂದ.