ಮಂಡಿಯ ಲೆಕ್ಕ

ಉರ್ದುವಿನಲ್ಲಿ ಮಂಡಿ ಎಂದರೆ ಸಗಟು ಮಾರುಕಟ್ಟೆ, ಕನ್ನಡದಲ್ಲಿ ಮೊಣಕಾಲೂ ಹೌದು. ನಮ್ಮ ಮನೆಯಲ್ಲಿ ಈ ಎರಡು ಅರ್ಥಗಳೂ ಒಂದೇ ದಿನ ಒಂದಾದವು.

ಅಬ್ಬಾ ದವಸದ ಮಂಡಿಯಲ್ಲಿ ಹಮಾಲಿಯಾಗಿದ್ದರು. ಸುಗ್ಗಿಯಲ್ಲಿ ಲಾರಿ ಬಂದು ನಿಂತರೆ ಸಾಹುಕಾರರ ಬಾಯಿಗೆ ಮೊದಲು ಬರುತ್ತಿದ್ದುದು ಅವರ ಹೆಸರೇ. "ಅವನೊಬ್ಬನಿದ್ದರೆ ಇಬ್ಬರಿದ್ದ ಹಾಗೆ" ಎಂಬ ಮಾತು ಕೇಳಿ ನಾವು ಅಣ್ಣತಮ್ಮಂದಿರು ಹಿಗ್ಗುತ್ತಿದ್ದೆವು. ಹೊಗಳಿಕೆಯೂ ಒಂದು ಮೂಟೆಯೇ ಎಂದು ನಮಗೆ ಆಗ ಹೊಳೆದಿರಲಿಲ್ಲ. ಒಂದು ಸಂಜೆ ಕೊನೆಯ ಲಾರಿಗೆ ಚೀಲ ಹೇರುವಾಗ ಅವರ ಮಂಡಿ ಹೊರಳಿತು. ಆಗ ಅವರಿಗೆ ನಲವತ್ತೆರಡು. ಮತ್ತೆ ಮೂಟೆ ಹೊರಲಿಲ್ಲ.

ಇದೆಲ್ಲ ಮರುಕಳಿಸಿದ್ದು ದೂರದ ಅಮೆರಿಕದಲ್ಲಿ. ತಮ್ಮ ಐಡಹೋ ರಾಜ್ಯದ ಬಾಯ್ಸಿ ನಗರದಲ್ಲಿ ಎಂಜಿನಿಯರ್. 2024ರ ಅಕ್ಟೋಬರ್ 5ರಂದು ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯಕ್ಕೆ ನಮ್ಮನ್ನು ಕರೆದೊಯ್ದ. ಅಲ್ಲಿನ ಅಂಗಳದ ಹುಲ್ಲು ಹಸಿರಲ್ಲ, ನೀಲಿ!

ಆ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಅದರಲ್ಲಿ ರನ್ನಿಂಗ್ ಬ್ಯಾಕ್ ಎಂಬ ಆಟಗಾರ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಯೊಳಕ್ಕೆ ನುಗ್ಗಬೇಕು. ನಮ್ಮ ಕಬಡ್ಡಿಯ ರೈಡರ್‌ನನ್ನು ನೆನೆಯಿರಿ. ಆದರೆ ಇಲ್ಲಿ ಹಿಡಿಯುವವರು ಕ್ವಿಂಟಾಲ್ ಮೀರಿದ ದೈತ್ಯರು, ಶಿರಸ್ತ್ರಾಣ ಧರಿಸಿ ಓಡಿಬಂದು ಅಪ್ಪಳಿಸುತ್ತಾರೆ. ಒಂದು ಓಟ ಎಂದರೆ ಒಂದು ಏಟು. ಹೀಗಾಗಿ ಓಟಗಳನ್ನು ಎಣಿಸುವುದು, ಎರಡನೆಯ ಓಟಗಾರನಿಗೂ ಸರದಿ ಕೊಡುವುದು, ಅಭ್ಯಾಸದ ವೇಳೆ ಅವನನ್ನು ನೆಲಕ್ಕೆ ಕೆಡವದಂತೆ ಕಾಯುವುದು ಕೋಚ್ ಆದವನ ಕೆಲಸ.

ಅಂದಿನ ತಾರೆ ಆಷ್ಟನ್ ಜೆಂಟಿ. ಯೂಟಾ ಸ್ಟೇಟ್ ವಿರುದ್ಧ ಮೊದಲರ್ಧದಲ್ಲೇ 13 ಓಟಗಳಲ್ಲಿ 186 ಗಜ, ಮೂರು ಟಚ್‌ಡೌನ್. ದ್ವಿತೀಯಾರ್ಧಕ್ಕೆ ಹುಡುಗ ಇಳಿಯಲೇ ಇಲ್ಲ. "ಪಂದ್ಯ ಗೆದ್ದಂತೆಯೇ ಆಯಿತಲ್ಲ, ಕೋಚ್ ಡೇನಿಯಲ್ಸನ್ ಅವನನ್ನು ಕೂರಿಸಿದ್ದಾರೆ" ಎಂದ ತಮ್ಮ. ಬಾಯ್ಸಿ 62-30ರಿಂದ ಗೆದ್ದಿತು. ದುಡ್ಡು ಕೊಟ್ಟು ಬಂದ ನಮಗೆ ತುಸು ನಿರಾಸೆಯಾಯಿತೆನ್ನಿ. ಮರುಗಳಿಗೆಯಲ್ಲೇ ನಾಚಿಕೆಯೂ ಆಯಿತು. ಆ ನಿರಾಸೆ ಸಾಹುಕಾರರದ್ದಲ್ಲವೇ?

ರಾತ್ರಿ ತಮ್ಮ ಮಾರ್ಕಸ್ ಲ್ಯಾಟಿಮೋರ್‌ನ ಕತೆ ಹೇಳಿದ. ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ. 2010ರಲ್ಲಿ ಫ್ಲೋರಿಡಾ ವಿರುದ್ಧ ಒಂದೇ ಪಂದ್ಯದಲ್ಲಿ 40 ಬಾರಿ ಚೆಂಡು ಹೊತ್ತು 212 ಗಜ ಓಡಿದ. ವಯಸ್ಸು ಹತ್ತೊಂಬತ್ತು! 2011ರಲ್ಲಿ ಎಡಮಂಡಿಯ ಅಸ್ಥಿರಜ್ಜು ಹರಿಯಿತು. 2012ರಲ್ಲಿ, ಇಪ್ಪತ್ತೊಂದು ತುಂಬಲು ಎರಡು ದಿನವಿರುವಾಗ, ಬಲಮಂಡಿಯ ಕೀಲೇ ತಪ್ಪಿತು. ವೃತ್ತಿಪರ ತಂಡವೊಂದು 2013ರಲ್ಲಿ ಆರಿಸಿಕೊಂಡರೂ ಅಧಿಕೃತ ಪಂದ್ಯವೊಂದನ್ನೂ ಆಡದೆ 2014ರಲ್ಲಿ ನಿವೃತ್ತನಾದ. ಆ ಕಾಲದ ನಿಯಮದಂತೆ ಕಾಲೇಜು ಆಟಗಾರರಿಗೆ ವಿದ್ಯಾರ್ಥಿವೇತನವಷ್ಟೇ. ತಮ್ಮ ಹೆಸರನ್ನು ಬಳಸಿ ಹಣ ಗಳಿಸಲು ಅವಕಾಶ ಸಿಕ್ಕಿದ್ದು 2021ರಲ್ಲಿ.

ಓಟ ಹೆಚ್ಚಾದದ್ದರಿಂದಲೇ ಮಂಡಿ ಹೋಯಿತೆಂದು ಹೇಳಲಾಗದು. ಅಲಬಾಮಾದ ಡೆರಿಕ್ ಹೆನ್ರಿ 2015ರಲ್ಲಿ ಬೆನ್ನುಬೆನ್ನಿಗೆ ಎರಡು ಪಂದ್ಯಗಳಲ್ಲಿ 46 ಮತ್ತು 44 ಬಾರಿ ಓಡಿಯೂ 2020ರಲ್ಲಿ ವೃತ್ತಿಪರ ಆಟದಲ್ಲಿ 2,000 ಗಜ ದಾಟಿದ. ಯಾವ ದೇಹ ತಾಳುತ್ತದೆ, ಯಾವುದು ತಾಳುವುದಿಲ್ಲ ಎಂಬುದು ಮುಂಚಿತವಾಗಿ ಯಾರಿಗೂ ಕಾಣದು. ಕಾಣದು ಎಂಬ ಕಾರಣಕ್ಕೇ ಸಾಕು ಎನ್ನುವವರೊಬ್ಬರು ಬೇಕು. ಹೊರುವವನು ಹೇಳಲಾರ, ಅವನ ಮಾನ ಹೊರೆಯ ಜೊತೆಗೇ ಕಟ್ಟಿಹೋಗಿರುತ್ತದೆ. ಅಬ್ಬಾ ಒಮ್ಮೆಯೂ ಸಾಕು ಎಂದವರಲ್ಲ.

ಬಾಯ್ಸಿಯ ಕೋಚ್ ಸಂತನೇನಲ್ಲ. ಅದೇ ತಿಂಗಳು ಲಾಸ್ ವೇಗಸ್‌ನ ನೆವಾಡಾ ವಿಶ್ವವಿದ್ಯಾಲಯದ ಎದುರು ಪಂದ್ಯ ಬಿಗಿಯಾದಾಗ ಅದೇ ಹುಡುಗನಿಗೆ 33 ಬಾರಿ ಚೆಂಡು ಕೊಟ್ಟರು. ಋತುವಿನ ಒಟ್ಟು ಲೆಕ್ಕ 374. ಕಷ್ಟ ಬಂದಾಗ ಎಲ್ಲರಿಗೂ ಗಟ್ಟಿ ಹೆಗಲೇ ನೆನಪಾಗುವುದು. ಆದರೂ ಅಗತ್ಯವಿಲ್ಲದ ದಿನ ಕೂರಿಸಿದರಲ್ಲ, ನಮಗೆ ಅಷ್ಟೇ ದೊಡ್ಡದಾಗಿ ಕಂಡಿತು. ನಮ್ಮ ಮಂಡಿಯಲ್ಲಿ ಅಗತ್ಯವಿಲ್ಲದ ದಿನವೇ ಇರಲಿಲ್ಲ.

ಡಿಸೆಂಬರ್ 31ರಂದು ಫಿಯೆಸ್ಟಾ ಬೌಲ್‌ನಲ್ಲಿ ಬಾಯ್ಸಿ ಸೋತಿತು. ಜೆಂಟಿಯ ಲೆಕ್ಕ 2,601 ಗಜಕ್ಕೆ ನಿಂತಿತು. 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಸ್ಥಾಪಿಸಿದ ದಾಖಲೆ 2,628. ಬರೀ 27 ಗಜ ಕಡಿಮೆ! ಅಷ್ಟರಲ್ಲಿ ಊರಿಗೆ ಮರಳಿದ್ದ ನಮಗೆ ತಮ್ಮ ಫೋನು ಮಾಡಿ ಪರಿತಪಿಸಿದ: "ಅವತ್ತು ಇನ್ನರ್ಧ ಆಡಿಸಿದ್ದರೆ ದಾಖಲೆ ಅವನದಾಗುತ್ತಿತ್ತು."

ನಾವು ಏನೂ ಹೇಳಲಿಲ್ಲ. 2025ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್ ರೈಡರ್ಸ್ ತಂಡ ಅವನನ್ನು ಆರನೆಯವನಾಗಿ ಆರಿಸಿಕೊಂಡ ಸುದ್ದಿ ಬಂದಾಗ ಮಾತ್ರ ನಾವೇ ಫೋನು ಮಾಡಿದೆವು. "ಮಂಡಿ ಚೆನ್ನಾಗಿದೆ ತಾನೇ?" ಎಂದು ಕೇಳಿದೆವು.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಚೆನ್ನಾಗಿದೆ ಭಾಯಿ" ಎಂದ. ಅವನಿಗೂ ಅಬ್ಬಾ ನೆನಪಾಗಿದ್ದರು.